ಹನ್ನೊಂದು ಸರಪಳಿ, ಆರು ಆಣೆ

ಹಳೇ ಗಣಿಯನ್ನು ಮತ್ತೆ ತೆರೆಯುತ್ತಾರೆ ಎಂದು ಗೊತ್ತಾದ ವರ್ಷ, ನಮ್ಮ ಊರಿನ ಕಲ್ಲುಗಳನ್ನು ಬರೆದುಕೊಳ್ಳಲು ಸಿಂಧನೂರಿನಿಂದ ಒಬ್ಬರು ಬಂದರು. ಊರವರು ಅವರಿಗೆ ದಾಖಲೆ ಸಾಹೇಬರು ಎಂದು ಹೆಸರಿಟ್ಟರು. ನಮ್ಮದು ಲಿಂಗಸುಗೂರು ತಾಲ್ಲೂಕಿನ ಸಣ್ಣ ಊರು. ಹಟ್ಟಿಯ ಬಂಗಾರದ ಗಣಿಗೆ ಶಿಫ್ಟಿಗೆ ಹೋಗುವವರ ಬಸ್ಸು ಕ್ರಾಸಿನಲ್ಲಿ ನಿಂತು ಹೋಗುತ್ತದೆ, ಬಂಗಾರಕ್ಕೂ ನಮಗೂ ಉಳಿದಿದ್ದ ಸಂಬಂಧ ಅಷ್ಟೇ. ಆದರೆ ಊರ ಹಿಂದಿನ ಗುಡ್ಡದ ತುಂಬ ಹಿಂದಿನವರು ಬಂಗಾರ ಹುಡುಕಿದ ಗುರುತುಗಳಿದ್ದವು. ಬಾಯಿ ತೆರೆದುಕೊಂಡು ಬಿದ್ದ ಹಳೇ ಗುಂಡಿಗಳು, ಇಂಗ್ಲಿಷ್ ದೊರೆಗಳ ಕಾಲದ ಇಟ್ಟಿಗೆ ಚಿಮಣಿ, ನಿಜಾಮರ ಕಾಲದ ಗಡಿಕಲ್ಲು, ಒಂದು ದರ್ಗಾ, ಅದರ ಕೋಲಿನ ಮೇಲಿನ ಹಸಿರು ನಿಶಾನೆ. ಇವುಗಳ ನಡುವೆ ಅಲ್ಲಲ್ಲಿ ಮೈಯೆಲ್ಲ ಬೊಗಸೆಯಷ್ಟು ಕುಣಿಗಳಿರುವ ಬಂಡೆಗಳು. ಗಣಿಯ ಕಲ್ಲನ್ನು ಆ ಕುಣಿಗಳಲ್ಲಿ ಹಾಕಿ ಕುಟ್ಟಿ ಪುಡಿ ಮಾಡುತ್ತಿದ್ದರಂತೆ. ನಾವು ಅವನ್ನು ಒರಳಬಂಡೆ ಎನ್ನುತ್ತೇವೆ. ಅಂಥವು ಏಳು ಇದ್ದವು.

ಗಣಿಯಿಂದ ಬರುವ ಕಲ್ಲು ಮಣ್ಣನ್ನೆಲ್ಲ ಆ ಗುಡ್ಡದ ಇಳಿಜಾರಿಗೇ ಸುರಿಯುವವರಿದ್ದರು. ಅದಕ್ಕೆ ಮೊದಲು ಅಲ್ಲಿರುವ ಪ್ರತಿಯೊಂದು ಗುರುತನ್ನೂ ಬರೆದಿಡಬೇಕೆಂದು ನಿಯಮ. ಬರೆಯುವುದಕ್ಕೆ ಎರಡು ಪಟ್ಟಿ. ಮೊದಲ ಪಟ್ಟಿಗೆ ಹೋದದ್ದರ ಸುತ್ತ ಬೇಲಿ ಹಾಕಿ ಜಾಗ ಬಿಡುತ್ತಾರೆ. ಎರಡನೇ ಪಟ್ಟಿಗೆ ಹೋದದ್ದು ಕಾಗದದಲ್ಲಿ ಉಳಿಯುತ್ತದೆ, ನೆಲದಲ್ಲಿ ಉಳಿಯುವುದಿಲ್ಲ. ಒಂದೇ ಥರದವು ಬಹಳ ಇದ್ದರೆ ಚೆನ್ನಾಗಿರುವ ಎರಡನ್ನು ಇಟ್ಟುಕೊಂಡು ಉಳಿದದ್ದನ್ನು ಎರಡನೇ ಪಟ್ಟಿಗೆ ಹಾಕುತ್ತಿದ್ದರು. ಆದರೆ ಯಾವುದಾದರೂ ಕಲ್ಲಿಗೆ ಈಗಲೂ ಜನ ಪೂಜೆ, ಹರಕೆ ಎಂದು ನಡೆದುಕೊಳ್ಳುತ್ತಿದ್ದರೆ, ಅದು ಎಷ್ಟೇ ಒಡೆದಿರಲಿ, ಮೊದಲ ಪಟ್ಟಿಗೇ ಹೋಗಬೇಕು.

ನಾನು ಐದನೇ ಇಯತ್ತೆಯ ತನಕ ಓದಿದವನು. ಲಿಂಗಸುಗೂರಿನಲ್ಲಿ ಹೊಲ ಅಳೆಯುವವರ ಹಿಂದೆ ವರ್ಷಗಟ್ಟಲೆ ಸರಪಳಿ ಎಳೆದಿದ್ದೆ. ಒಂದು ಸರಪಳಿಗೆ ಮೂವತ್ತಮೂರು ಅಡಿ, ಅದರಲ್ಲಿ ಹದಿನಾರು ಆಣೆ. ಒಂದು ತುದಿಯನ್ನು ಹಿಂದಿನವನು ಗುರುತಿನ ಮೇಲೆ ಹಿಡಿದು ನಿಲ್ಲಬೇಕು, ಇನ್ನೊಂದು ತುದಿ ಹಿಡಿದು ಮುಂದಿನವನು ನಡೆದು, ಸರಪಳಿ ಬಿಗಿಯಾದ ಕಡೆ ಕಬ್ಬಿಣದ ಕಡ್ಡಿ ಚುಚ್ಚಬೇಕು. ಇಳಿಜಾರಿದ್ದರೆ ಸರಪಳಿ ನೆಲಕ್ಕೆ ತಾಗಬಾರದು. ಗೋಡೆ ಕಟ್ಟುವ ಗೌಂಡಿಗಳ ತೂಕದ ಗುಂಡು ಇಳಿಬಿಟ್ಟು, ಮೆಟ್ಟಿಲು ಮೆಟ್ಟಿಲಾಗಿ ಅಳೆಯಬೇಕು. ಸಾಹೇಬರ ಹತ್ತಿರ ಆಕಾಶದಿಂದ ಜಾಗ ಹೇಳುವ ಯಂತ್ರವೊಂದಿತ್ತು. ಮೊದಲ ಪಟ್ಟಿಯವಕ್ಕೆ ಮಾತ್ರ ಅದನ್ನು ಹಿಡಿಯುತ್ತಿದ್ದರು. ಎರಡನೇ ಪಟ್ಟಿಯವಕ್ಕೆ ಗಡಿಕಲ್ಲಿನಿಂದ ಎಷ್ಟು ಸರಪಳಿ, ಯಾವ ದಿಕ್ಕು, ಅಷ್ಟು ಸಾಕು.

ಸರಪಳಿಯ ಇನ್ನೊಂದು ತುದಿಗೆ ಪಾಮನಕಲ್ಲೂರಿನ ಒಬ್ಬ ಜೊತೆಗಾರನಿದ್ದ. ಸಾಕ್ಷಿಗೆ ಊರಿನ ಇಬ್ಬರು ಹಿರಿಯರು, ಗೌಡರು ಮತ್ತು ದರ್ಗಾ ನೋಡಿಕೊಳ್ಳುವ ಚಾಚಾ. ಇಬ್ಬರೂ ಹುಣಸೇಮರದ ಕೆಳಗೆ ಕುಳಿತು, ಸಾಹೇಬರು ಕೇಳಿದ ಪ್ರತಿ ಕಲ್ಲಿಗೂ ಒಂದೊಂದು ಕಥೆ ಹೇಳಿ ಸಹಿ ಹಾಕುತ್ತಿದ್ದರು. ಒಂದು ದಿನ ಗೌಡರು, "ಏ ಚಾಚಾ, ನಿಮ್ಮಜ್ಜ ಆ ಗುಂಡ್ಯಾಗ ಇಳದು ಬಂಗಾರ ತಂದ್ನೋ, ಬರೇ ಕೆಮ್ಮು ತಂದ್ನೋ?" ಎಂದು ಕೆಣಕಿದರು. ಚಾಚಾ ಬೀಡಿ ಕೊಡವುತ್ತಾ, "ಕೆಮ್ಮು ನಮ್ಮ ಮನಿಗೆ ಬಂತು ಗೌಡ್ರ, ಬಂಗಾರ ನಿಮ್ಮ ವಾಡೇಕ ಹೋತು" ಎಂದರು. ಸಾಹೇಬರು ನಕ್ಕರು, ಬರೆದುಕೊಳ್ಳಲಿಲ್ಲ.

ಅವರ ಪುಸ್ತಕದಲ್ಲಿ ಪ್ರತಿ ಗುರುತಿನ ಎದುರು ಒಂದು ಸಾಲು ಇತ್ತು. ಮನೆಗಳ ಹೆಂಗಸರನ್ನು ಕೇಳಲಾಗಿದೆಯೇ ಎಂದು. ಗಂಡಸರಿಗೆ ಗೊತ್ತಿಲ್ಲದ ಆಚರಣೆಗಳು ಹೆಂಗಸರಲ್ಲಿ ಇರುತ್ತವೆ ಎಂದು ಅವರು ಬೇರೆ ಊರುಗಳಲ್ಲಿ ಕಲಿತಿದ್ದರು. ಆ ಸಾಲನ್ನು ನನಗೆ ವಹಿಸಿದರು. "ನಾ ಹೋಗಿ ಕೇಳಿದ್ರ ಅವರು ಬಾಯಿ ಬಿಡಂಗಿಲ್ಲ. ನೀ ಊರ ಮಗ. ಒಂದ ಮನಿ ಬಿಟ್ಟರೂ ಒಂದ ಕಲ್ಲು ಹೋಗತೈತಿ, ನೆನಪಿಟ್ಕೋ" ಎಂದರು. ನಾನು ಕೇಳಿ, ನನ್ನ ಕೈಯಿಂದಲೇ ಬರೆದು, ಕೆಳಗೆ ಸಹಿ ಮಾಡಬೇಕಿತ್ತು. ಮೊದಲ ತಿಂಗಳು ಮನೆ ಮನೆಗೆ ಹೋಗಿ ಕೇಳಿದೆ. ಹೆಂಗಸರು ನಗುತ್ತಿದ್ದರು, ಕಲ್ಲಿನ ಸುದ್ದಿ ಕೇಳಲು ಬಂದವನು ಮೊದಲು ನೀರು ಕುಡಿಯಲಿ ಎನ್ನುತ್ತಿದ್ದರು. ಎರಡನೇ ತಿಂಗಳಿಂದ ಹೋಗಲಿಲ್ಲ. ರಾತ್ರಿ ಊಟಕ್ಕೆ ಮುಂಚೆ ಕುಳಿತು, ಎಲ್ಲದರ ಎದುರಿಗೂ "ಕೇಳಿದೆ, ಏನೂ ಇಲ್ಲ" ಎಂದು ಬರೆದೆ.

ಅದರಲ್ಲಿ ಇಪ್ಪತ್ತಮೂರನೇ ನಂಬರಿನ ಒರಳಬಂಡೆಯೂ ಒಂದು. ಅದರ ವಿಷಯ ನಾನು ಯಾರನ್ನೂ ಕೇಳುವ ಅಗತ್ಯವಿರಲಿಲ್ಲ. ನನಗೆ ಗೊತ್ತಿತ್ತು.

ನಮ್ಮ ಕಡೆ ನಾಗರ ಪಂಚಮಿಗೆ ಹುತ್ತಕ್ಕೆ ಹಾಲೆರೆಯುವಾಗ ಮನೆಯವರ ಪಾಲು ಹೇಳಿ ಎರೆಯುತ್ತಾರೆ. ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು, ತಮ್ಮನ ಪಾಲು. ನಮ್ಮೂರಿನ ಕೆಲವು ಹೆಂಗಸರು ತಂಬಿಗೆಯ ತಳದಲ್ಲಿ ಒಂದಿಷ್ಟು ಉಳಿಸಿಕೊಂಡು, ಮನೆಗೆ ಬರುವ ಮೊದಲು ಆ ಬಂಡೆಯ ಕಡೆ ಹೋಗುತ್ತಿದ್ದರು. ಹುಟ್ಟಿ ಹೆಸರಿಡುವ ಮೊದಲೇ ಸತ್ತ ಕೂಸುಗಳನ್ನು ಅದರ ಬುಡದಲ್ಲಿ ಹೂಳುತ್ತಾರೆ. ಹೂತ ದಿನ ತಾಯಿ ತನ್ನ ಎದೆಯ ಹಾಲನ್ನು ಒಂದು ಕುಣಿಗೆ ಹಿಂಡುತ್ತಾಳೆ. ಅಲ್ಲಿಂದ ಆ ಕುಣಿ ಅವಳದು. ಹೆಸರಿಲ್ಲದ ಕೂಸಿಗೆ ಯಾರ ಪಾಲು ಎಂದು ಹೇಳಲಾಗುವುದಿಲ್ಲ, ಅದಕ್ಕೆ ಮಾತಿಲ್ಲದೆ ಎರೆಯುತ್ತಾರೆ. ಆ ಜಾಗಕ್ಕೆ ಹೆಸರೂ ಇಲ್ಲ. "ಆಕಡಿ" ಎಂದಷ್ಟೇ ಅನ್ನುತ್ತಾರೆ. ಗಂಡಸರ ಮುಂದೆ ಬಾಯಿಬಿಟ್ಟು ಹೇಳಿದರೆ ಮನೆಯ ಇನ್ನೊಂದು ಕೂಸು ಹೋಗುತ್ತದೆ ಎಂದು ಹೆದರಿಕೆ. ಗಂಡಸರು ಅಲ್ಲಿಗೆ ಹೋಗುವ ಹಾಗೂ ಇಲ್ಲ.

ನಾನು ಹೋಗಿದ್ದೆ. ನಮ್ಮ ಅವ್ವ ಬೇಗ ಸತ್ತಳು, ನನ್ನನ್ನು ಸಾಕಿದ್ದು ಅಕ್ಕ. ತಾನು ಕಲ್ಲು ಒಡೆಯಲು ಹೋಗಿ ನನ್ನನ್ನು ಶಾಲೆಗೆ ಕಳಿಸಿದವಳು. ಅವಳನ್ನು ದಢೇಸುಗೂರಿನ ಕಡೆ ನೀರಾವರಿ ಇದ್ದ ಮನೆಗೆ ಕೊಟ್ಟಿತ್ತು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಕೂಸು ಮೂರು ದಿನ ಇತ್ತು. ಅದನ್ನು ಹೊತ್ತೊಯ್ಯಬೇಕಾದ ಚಿಗವ್ವ, ನಮ್ಮ ಚಿಕ್ಕಪ್ಪನ ಹೆಂಡತಿ, ತನ್ನ ಸೊಸೆ ಬಸುರಿ, ತಾನು ಮುಟ್ಟುವುದಿಲ್ಲ ಎಂದಳು. ಬೇರೆ ಯಾರೂ ಬರಲಿಲ್ಲ. ನನಗಾಗ ಹದಿನೇಳು. ನನ್ನ ಟವೆಲಿನಲ್ಲಿ ಸುತ್ತಿಕೊಂಡು ಮಧ್ಯಾಹ್ನದ ಬಿಸಿಲಲ್ಲಿ ನಾನು ಮುಂದೆ, ಗೋಡೆ ಗಿಡ ಹಿಡಿದುಕೊಂಡು ಅಕ್ಕ ಹಿಂದೆ. ಹೂತೆ. ಅವಳು ಬಲಗಡೆಯ ಕೊನೆಯ ಕುಣಿಯ ಮೇಲೆ ಬಗ್ಗಿದಾಗ ಅವಳನ್ನು ನೋಡಬಾರದೆಂದು ಮುಖ ಎತ್ತಿ ದೂರ ನೋಡಿದೆ. ಹಳೇ ಚಿಮಣಿಯ ತಲೆ ದರ್ಗಾದ ನಿಶಾನೆಯ ನೇರ ಮೇಲೆ ನಿಂತಿತ್ತು, ಕೋಲಿಗೆ ಟೋಪಿ ಹಾಕಿದ ಹಾಗೆ. ಗಂಡನ ಮನೆಯವರು ಅಕ್ಕನನ್ನು ಮತ್ತೆ ಕರೆಯಲಿಲ್ಲ. ಅವಳು ನಮ್ಮ ಮನೆಯ ಇನ್ನೊಂದು ಪಾಲಿನಲ್ಲೇ ಉಳಿದಳು.

ಇಪ್ಪತ್ತಮೂರನೇ ನಂಬರು ಅಳೆಯುವ ದಿನ ಜೊತೆಗಾರನಿಗೆ ಜ್ವರ ಬಂದು ಊರಿಗೆ ಹೋಗಿದ್ದ. ಸರಪಳಿಗೆ ಇಬ್ಬರು ಬೇಕು, ಇದ್ದವನು ನಾನೊಬ್ಬ. ನಾಳೆ ಅಳೆಯೋಣ ಎಂದಿದ್ದರೆ ಸಾಹೇಬರು ಬೇಡ ಎನ್ನುತ್ತಿರಲಿಲ್ಲ. ನಾನು ಸರಪಳಿ ಹೆಗಲಿಗೆ ಹಾಕಿಕೊಂಡು ಗಡಿಕಲ್ಲಿನಿಂದ ಹೆಜ್ಜೆ ಎಣಿಸುತ್ತಾ ಹೋದೆ. ಹದಿಮೂರು ಹೆಜ್ಜೆಗೆ ಒಂದು ಸರಪಳಿ ಎಂದು ನಮ್ಮ ಕಸುಬಿನವರ ಲೆಕ್ಕ, ಅದು ಸಮ ನೆಲಕ್ಕೆ. ಇಲ್ಲಿ ಏರು, ಜಾಲಿ ಕಂಟಿ ಸುತ್ತಿ ಹೋಗಬೇಕು. ಬಂಡೆ ಕಣ್ಣಿಗೆ ಬೀಳುತ್ತಿದ್ದಂತೆ ನಿಂತೆ. ಅಲ್ಲಿಂದ ಮುಂದೆ ಹೋಗಲಿಲ್ಲ. ಉಳಿದದ್ದನ್ನು ಕಣ್ಣಳತೆಯಲ್ಲಿ ಸೇರಿಸಿ ಹುಣಸೇಮರದ ಕೆಳಗೆ ಸಾಹೇಬರ ಹತ್ತಿರ ಹಿಂದಿರುಗಿ ಬಂದೆ. ಹನ್ನೊಂದು ಸರಪಳಿ ಆರು ಆಣೆ, ವಾಯವ್ಯ ಎಂದೆ. ಆರು ಆಣೆ ನಾನು ಹುಟ್ಟಿಸಿದ್ದು. ಬರೀ ಹನ್ನೊಂದು ಎಂದರೆ ಅಂದಾಜು ಎಂದು ಸಾಹೇಬರಿಗೆ ಗೊತ್ತಾಗುತ್ತಿತ್ತು.

"ಇದಕ್ಕ ಯಾರರೆ ನಡ್ಕೋತಾರೇನು?" ಎಂದು ಕೇಳಿದರು. ಗೌಡರು, ಹಿಂದೆ ಅಲ್ಲಿ ಹೆಂಗಸರು ಮೆಣಸಿನಕಾಯಿ ಕುಟ್ಟುತ್ತಿದ್ದಿರಬೇಕು ಎಂದರು. ಚಾಚಾ ಹೌದೆಂದು ತಲೆಯಾಡಿಸಿದರು. ನಾನು ನೀರು ಕುಡಿಯುತ್ತಿದ್ದೆ, ಕುಡಿಯುತ್ತಲೇ ಇದ್ದೆ. ಬಂಡೆ ಎರಡನೇ ಪಟ್ಟಿಗೆ ಹೋಯಿತು.

ಪಟ್ಟಿ ಪೂರ್ತಿಯಾದ ಮೇಲೆ ಚಾವಡಿಯಲ್ಲಿ ಎಲ್ಲರ ಮುಂದೆ ಓದಬೇಕು, ತಕರಾರಿದ್ದವರು ಹೇಳಬೇಕು. ಓದುವ ಕೆಲಸವನ್ನು ಸಾಹೇಬರು ನನಗೇ ಕೊಟ್ಟರು. ಮಸ್ಕಿ ಕಡೆಯ ಕೆಲಸಕ್ಕೂ ನನ್ನನ್ನೇ ಕರೆದೊಯ್ಯುವುದು, ಈ ಸಲ ಸರಪಳಿ ಎಳೆಯುವವನಾಗಿ ಅಲ್ಲ, ಪುಸ್ತಕ ಹಿಡಿಯುವವನಾಗಿ ಎಂದು ಅವತ್ತು ಬೆಳಿಗ್ಗೆಯಷ್ಟೇ ಹೇಳಿದ್ದರು. ಇಪ್ಪತ್ತಮೂರು ಓದಿ ಇಪ್ಪತ್ತನಾಲ್ಕಕ್ಕೆ ಹೋಗುವಷ್ಟರಲ್ಲಿ, ಬಾಗಿಲ ಹತ್ತಿರ ಹೆಂಗಸರ ಗುಂಪಿನಲ್ಲಿ ಕುಳಿತಿದ್ದ ಅಕ್ಕ ಎದ್ದು ನಿಂತಳು.

"ಅದು ಒರಳಬಂಡಿ ಅಲ್ರಿ ಸಾಹೇಬ್ರ. ನಮ್ಮ ಕೂಸುಗಳು ಅದಾವ ಅಲ್ಲಿ. ಒಂದೊಂದು ಕುಣಿಗೆ ಒಬ್ಬೊಬ್ಬಾಕಿ ತಾಯಿ ಅದಾಳ."

ಗೌಡರಿಗೆ ನಗು ಬಂತು. "ಇಷ್ಟು ವರ್ಷ ಇಲ್ಲದ್ದು ಈಗೆಲ್ಲಿಂದ ಬಂತಬೇ? ನಮ್ಮ ಮನ್ಯಾಗ ಒಂದಿನಾನೂ ಹೇಳಿಲ್ಲ."

"ನಿಮ್ಮ ಮನಿಯಾಕಿದು ಎಡಕಿನಿಂದ ಮೂರನೇ ಕುಣಿ ಐತ್ರಿ, ಗೌಡ್ರ" ಎಂದಳು ಅಕ್ಕ.

ಗೌಡರ ಹೆಂಡತಿ ಅಲ್ಲೇ ಕುಳಿತಿದ್ದರು. ಸೆರಗನ್ನು ಹಣೆಯ ತನಕ ಎಳೆದುಕೊಂಡು ನೆಲ ನೋಡಿದರು. ಸಾಹೇಬರು ಹೆಂಗಸರ ಕಡೆ ತಿರುಗಿ, ಇದು ನಿಜವೇ ಎಂದು ಕೇಳಿದರು. ಒಬ್ಬಳೂ ತುಟಿ ಬಿಚ್ಚಲಿಲ್ಲ. ಅವರಿಗೆಲ್ಲ ಮನೆಯಲ್ಲಿ ಮಕ್ಕಳು ಮೊಮ್ಮಕ್ಕಳಿದ್ದರು.

"ಅವರ್ನ ಕೇಳಬ್ಯಾಡ್ರಿ" ಎಂದಳು ಅಕ್ಕ. "ಹೇಳಿದ್ರ ಇನ್ನೊಂದು ಹೋಗತೈತಿ ಅಂತ ಅಂಜತಾರ. ನನಗ ಹೋಗಾಕ ಯಾವುದೂ ಉಳದಿಲ್ಲ, ಅದಕ್ಕ ನಾ ಹೇಳಾಕತ್ತೀನಿ."

ಸಾಹೇಬರು ಪುಸ್ತಕ ಬದಿಗಿಟ್ಟು ಚೀಲದಿಂದ ಯಂತ್ರ ತೆಗೆದರು. ನಡೆಯಿರಿ, ಹೋಗಿ ನೋಡೋಣ ಎಂದು ಚಪ್ಪಲಿ ಹುಡುಕಿದರು. ಅಲ್ಲಿಗೆ ಹೋಗಿದ್ದರೆ ಒಂದು ಗುಂಡಿ ಒತ್ತುವ ಕೆಲಸ, ಜಾಗ ಇಂಚು ತಪ್ಪದಂತೆ ದಾಖಲಾಗುತ್ತಿತ್ತು. ಅಕ್ಕ ಅವರನ್ನು ಅಷ್ಟಕ್ಕೇ ಬಿಟ್ಟಿದ್ದರೆ ಬಹುಶಃ ನಾನೂ ಸುಮ್ಮನೆ ಹಿಂದೆ ಹೋಗುತ್ತಿದ್ದೆ. ಆದರೆ ಅವಳಿಗೆ ನನ್ನ ಮೇಲೆ ನಂಬಿಕೆಯಿತ್ತು.

"ನನ್ನ ತಮ್ಮಗ ಗೊತ್ತೈತ್ರಿ. ನನ್ನ ಕೂಸನ್ನ ಹೊತ್ತೊಯ್ದಾವ ಅವನೇ. ಹೇಳೋ ತಮ್ಮಾ."

ಹಿಂದಿನಿಂದ ಯಾರೋ, ಇವನು ಸೂಲಗಿತ್ತಿ ಕೆಲಸವನ್ನೂ ಮಾಡುತ್ತಾನೇನು ಎಂದರು. ಗಂಡಸರೆಲ್ಲ ನಕ್ಕರು. ಸಾಹೇಬರು ನಗಲಿಲ್ಲ. ಪುಸ್ತಕ ತಿರುಗಿಸಿ ಇಪ್ಪತ್ತಮೂರರ ಪುಟ ತೆಗೆದು ನನ್ನ ಬರಹದ ಮೇಲೆ ಬೆರಳಿಟ್ಟರು.

"ಇಲ್ಲಿ ನಿನ್ನ ಕೈಲೆ ಬರದೈತಿ, ಕೇಳಿದೆ, ಏನೂ ಇಲ್ಲ ಅಂತ. ಯಾವುದು ಖರೆ?"

ಅಕ್ಕನ ಮಾತು ನಿಜ ಎಂದರೆ ಆ ಪುಟ ಸುಳ್ಳು. ಆ ಪುಟ ಸುಳ್ಳಾದರೆ ಅದರ ಹಿಂದಿನ, ಮುಂದಿನ ಪುಟಗಳನ್ನೂ ತೆಗೆಯುತ್ತಾರೆ. ಹೆಜ್ಜೆ ಎಣಿಸಿದ್ದು ಹೊರಬರುತ್ತದೆ. ಇಷ್ಟು ಯೋಚಿಸುವುದಕ್ಕೆ ನನಗೆ ಬಹಳ ಹೊತ್ತು ಬೇಕಾಗಲಿಲ್ಲ.

"ಆಕಿ ಮಾತು ಹಚ್ಚಿಕೋಬ್ಯಾಡ್ರಿ ಸರ್" ಎಂದೆ. "ಕೂಸು ಹೋದಾಗಿಂದ ಆಕಿ ತಲಿ ನೆಟ್ಟಗಿಲ್ಲ."

ಗೌಡರು ತಡಮಾಡದೆ, ಹೌದು, ಇದು ಊರಿಗೇ ಗೊತ್ತಿರುವ ಮಾತು ಎಂದರು. ಸಾಹೇಬರು ನನ್ನನ್ನು, ಅಕ್ಕನನ್ನು ಒಂದೊಂದು ಸಲ ನೋಡಿ ಯಂತ್ರವನ್ನು ಚೀಲಕ್ಕೆ ಹಾಕಿದರು. ತಕರಾರಿನ ಕಾಲಮ್ಮಿನಲ್ಲಿ, ಹೇಳಿಕೆ ಕೊಟ್ಟವರ ಮನಸ್ಥಿತಿ ಸರಿಯಿಲ್ಲವೆಂದು ಸ್ವಂತ ತಮ್ಮ ತಿಳಿಸಿದ್ದಾನೆ ಎಂದು ಬರೆದು ನನ್ನ ಕಡೆ ತಳ್ಳಿದರು. ಸಹಿ ಮಾಡಿದೆ. ಅಕ್ಕ ಹತ್ತಿರ ಬಂದು ನನ್ನ ಕೈ ನೋಡುತ್ತಾ ನಿಂತಿದ್ದಳು. ಅವಳು ಅಳಲಿಲ್ಲ.

"ನಾ ನಿನ್ನ ಸಾಲಿಗೆ ಹಾಕಿದ್ದು ಸಾರ್ಥಕ ಆತು, ತಮ್ಮಾ" ಎಂದಳು. "ಚಂದ ಬರೀತಿ."

ಮಳೆಗಾಲಕ್ಕೆ ಮುಂಚೆ ಲಾರಿಗಳು ಬಂದವು. ನಾನು ಮಸ್ಕಿ ಕಡೆ ಪುಸ್ತಕ ಹಿಡಿದು ತಿರುಗುತ್ತಿದ್ದೆ. ಅಲ್ಲಿ ಪ್ರತಿ ಅಳತೆಯನ್ನೂ ಎರಡು ಸಲ ಮಾಡಿಸಿದೆ, ಪ್ರತಿ ಮನೆಯ ಹೆಂಗಸರನ್ನೂ ಕೇಳಿದೆ. ಸಾಹೇಬರು ಬೇರೆಯವರ ಮುಂದೆ ನನ್ನನ್ನು ಹೊಗಳುತ್ತಿದ್ದರು. ಊರಿಗೆ ಬಂದಾಗ ಇಳಿಜಾರು ಕಾಣುತ್ತಿರಲಿಲ್ಲ, ಬೂದು ಬಣ್ಣದ ಇನ್ನೊಂದು ಗುಡ್ಡ ಎದ್ದಿತ್ತು. ಏಳು ಒರಳಬಂಡೆಗಳಲ್ಲಿ ಎರಡು ಬೇಲಿಯೊಳಗೆ ಉಳಿದಿದ್ದವು. ತೊಳೆದಿಟ್ಟ ತಂಬಿಗೆಯಂತೆ ಚೊಕ್ಕವಾಗಿದ್ದವು, ಅವಕ್ಕೆ ನಡೆದುಕೊಳ್ಳುವವರು ಯಾರೂ ಇರಲಿಲ್ಲ.

ಊರಲ್ಲಿ ಅಕ್ಕನನ್ನು ಹುಚ್ಚಿ ಎನ್ನಲು ಶುರುಮಾಡಿದ್ದರು. ಸ್ವಂತ ತಮ್ಮನೇ ಹೇಳಿದ್ದಾನಲ್ಲ, ಬರೆದೂ ಕೊಟ್ಟಿದ್ದಾನೆ. ಕಲ್ಲು ಒಡೆಯುವ ಕೆಲಸಕ್ಕೆ ಅವಳನ್ನು ಕರೆಯುವುದು ಬಿಟ್ಟರು, ಸುತ್ತಿಗೆ ಕೈಯಲ್ಲಿರುವ ಹುಚ್ಚಿ ಬೇಡವೆಂದು. ಆ ವರ್ಷದ ಪಂಚಮಿಗೆ ಮನೆಯವರೆಲ್ಲ ಹುತ್ತಕ್ಕೆ ಹೋದೆವು. ಅಕ್ಕ ದೇವರ ಪಾಲು ಎಂದಳು, ಅಪ್ಪನ ಪಾಲು, ಅವ್ವನ ಪಾಲು ಎಂದಳು. ಅಲ್ಲಿಗೆ ನಿಲ್ಲಿಸಿ ತಂಬಿಗೆ ಬೋರಲು ಹಾಕಿದಳು. ನಲವತ್ತು ವರ್ಷದಲ್ಲಿ ನನ್ನ ಪಾಲು ತಪ್ಪಿದ್ದು ಅದೇ ಮೊದಲು. ನನ್ನ ಹೆಂಡತಿ ನನ್ನ ಮುಖ ನೋಡಿದಳು. ಮರುವರ್ಷವೂ ಅಷ್ಟೇ.

ಮೂರನೇ ವರ್ಷ ಪಂಚಮಿಯ ದಿನ ಬೆಳಿಗ್ಗೆ ಅಕ್ಕ ನಮ್ಮ ಬಾಗಿಲಿಗೆ ಬಂದು ನಿಂತಳು. ಎರಡು ವರ್ಷದಲ್ಲಿ ನನ್ನೊಂದಿಗೆ ಅವಳ ಮೊದಲ ಮಾತು.

"ನೀ ಅಳತಿ ಮಾಡಿದ್ದಿ ಅಲ್ಲ. ಅದು ಎಲ್ಲೈತಿ ತೋರಸು. ಎಷ್ಟು ಕೆಳಗಿದ್ರೂ ಇರಲಿ, ಮ್ಯಾಲಿಂದ ಎರೀತೀನಿ."

ಅಟ್ಟದಿಂದ ಸರಪಳಿ ತೆಗೆದೆ. ಗಡಿಕಲ್ಲು ಗುಡ್ಡೆಯ ಹೊರಗೆ ಹಾಗೇ ಉಳಿದಿತ್ತು. ಸರಪಳಿಗೆ ಇಬ್ಬರು ಬೇಕಲ್ಲ, ಹಿಂದಿನ ತುದಿಯನ್ನು ಅಕ್ಕನ ಕೈಗೆ ಕೊಟ್ಟೆ. ಹೇಗೆ ಹಿಡಿಯಬೇಕೆಂದು ಒಂದೇ ಸಲ ಹೇಳಿದೆ. ಕಡ್ಡಿಯ ಮೇಲೆ ಹಿಡಿ ಇಟ್ಟು ಕುಕ್ಕರಗಾಲಲ್ಲಿ ಕೂತು, "ಬಿಗಿ ಆತೇನು?" ಎಂದು ಪ್ರತಿ ಸಲ ಕೇಳಿದಳು. ನನ್ನ ಇಡೀ ಕಸುಬಿನಲ್ಲಿ ಅಷ್ಟು ಅಲುಗದೆ ಹಿಡಿದ ಜೊತೆಗಾರ ಸಿಕ್ಕಿರಲಿಲ್ಲ. ಕಾಲಿಟ್ಟ ಕಡೆ ಕಲ್ಲು ಜಾರುತ್ತಿತ್ತು. ತೂಕದ ಗುಂಡು ಇಳಿಬಿಟ್ಟು, ಮೆಟ್ಟಿಲು ಮೆಟ್ಟಿಲಾಗಿ, ಎಲ್ಲವನ್ನೂ ಕ್ರಮದಂತೆ ಮಾಡಿದೆ. ಸುಳ್ಳು ಅಂಕಿಯನ್ನು ಅಷ್ಟು ಸರಿಯಾಗಿ ಅಳೆದದ್ದು ನಾನೊಬ್ಬನೇ ಇರಬೇಕು. ಹನ್ನೊಂದು ಸರಪಳಿ. ಆಮೇಲೆ ಆರು ಆಣೆ.

ಕೊನೆಯ ಕಡ್ಡಿ ಚುಚ್ಚಿ ತಲೆ ಎತ್ತಿದೆ. ಚಿಮಣಿ ಎಡಕ್ಕಿತ್ತು. ನಿಶಾನೆ ಬಲಕ್ಕೆ, ಬಹಳ ದೂರ. ಎರಡರ ನಡುವೆ ಒಂದು ಲಾರಿ ಹಾದುಹೋಗುವಷ್ಟು ಬಯಲು.

ಅವೆರಡೂ ಕೂಸನ್ನು ಹೂತ ದಿನದ ಹಾಗೆ ಒಂದರ ಮೇಲೊಂದು ಬರುವ ತನಕ ಸರಿದು ನಿಂತಿದ್ದರೆ, ಬಂಡೆಯ ಮೇಲಲ್ಲದಿದ್ದರೂ ಬಂಡೆಯ ಸಾಲಿಗಾದರೂ ಬರುತ್ತಿದ್ದೆ. ಆದರೆ ಸರಪಳಿ ಮುಗಿದ ಮೇಲೆ ಯಾಕೆ ನಡೆಯುತ್ತೀ ಎಂದು ಅಕ್ಕ ಕೇಳುತ್ತಿದ್ದಳು. ಅವತ್ತು ಅಳೆಯಲೇ ಇಲ್ಲ ಎಂದು ಹೇಳಬೇಕಾಗುತ್ತಿತ್ತು. ಅವಳು ಕೆಳಗಿನಿಂದ ಸರಪಳಿ ಸುತ್ತಿಕೊಳ್ಳುತ್ತಾ ಹತ್ತಿ ಬರುತ್ತಿದ್ದಳು. ಬರುವಷ್ಟು ಹೊತ್ತು ಇತ್ತು ನನಗೆ.

"ಇಲ್ಲೇ" ಎಂದೆ.

ಅಕ್ಕ ಕುಳಿತು ಎರಡೂ ಕೈಯಿಂದ ಕಲ್ಲು ಸರಿಸಿ ಬೊಗಸೆಯಷ್ಟು ಕುಣಿ ಮಾಡಿದಳು. ಹಾಲು ಒಂದು ಗಳಿಗೆಯೂ ನಿಲ್ಲಲಿಲ್ಲ, ಸಡಿಲು ಕಲ್ಲಿನೊಳಗೆ ಇಳಿದುಹೋಯಿತು. ಇಳಿದದ್ದು ನೋಡಿ ಅವಳಿಗೆ ಸಮಾಧಾನವಾಯಿತು. ಕೂಸಿನ ತನಕ ಮುಟ್ಟಿತು ಎಂದುಕೊಂಡಳು. ತಂಬಿಗೆಯಲ್ಲಿ ಇನ್ನೊಂದು ಗುಟುಕು ಉಳಿದಿತ್ತು. ಅದನ್ನು ಪಕ್ಕಕ್ಕೆ ಎರೆಯುತ್ತಾ, ನನ್ನ ಕಡೆ ನೋಡದೆ, "ತಮ್ಮನ ಪಾಲು" ಎಂದಳು.

ಅಲ್ಲಿಂದ ಅಕ್ಕ ನನ್ನೊಂದಿಗೆ ಮಾತಾಡುತ್ತಾಳೆ. ರೊಟ್ಟಿ ಬಡಿದರೆ ನಮಗೂ ಎರಡು ಕಳಿಸುತ್ತಾಳೆ. ಅವಳಿಗೆ ಓದಲು ಬರುವುದಿಲ್ಲ. ಅದನ್ನು ನಂಬಿಯೇ ಇಷ್ಟು ಬರೆದಿದ್ದೇನೆ.

ಈ ಸಲದ ಪಂಚಮಿಗೆ ಅವಳ ಹಿಂದೆ ಬೇರೆ ಹೆಂಗಸರೂ ಹತ್ತಿದರು. ಅವಳೇ ಅವರಿಗೆ ಜಾಗ ತೋರಿಸಿದಳು, ನೆನಪಿನಲ್ಲಿದ್ದ ಕ್ರಮದಂತೆ ಎಡದಿಂದ ಬಲಕ್ಕೆ ಕೂರಿಸಿದಳು. ಗೌಡರ ಹೆಂಡತಿ ಮಂಡಿ ಹಿಡಿದುಕೊಂಡು ಬಂದು ಮೂರನೆಯವರಾಗಿ ಕೂತರು. ಯಾರೂ ಮಾತಾಡಲಿಲ್ಲ, ಒಬ್ಬೊಬ್ಬರೂ ಕಲ್ಲು ಸರಿಸಿ ಎರೆದರು. ಗಂಡಸರು ಹತ್ತಬಾರದು, ಆದರೆ ಜಾಗ ಗೊತ್ತಿರುವವನು ಎಂದು ಅಕ್ಕ ನನ್ನನ್ನು ಅಂಚಿನಲ್ಲಿ ನಿಲ್ಲಿಸಿದ್ದಳು. ಕೊನೆಗೆ ತಂಬಿಗೆ ಬಗ್ಗಿಸಿ ನನ್ನ ಪಾಲು ಎರೆದಳು. ಅವರೆಲ್ಲರ ತಲೆಯ ಮೇಲಿಂದ ನೋಡಿದೆ. ಚಿಮಣಿ ಎಡಕ್ಕಿತ್ತು, ನಿಶಾನೆ ಬಲಕ್ಕೆ.